ಬದುಕಿರುವವರ ಪುಟಕ್ಕೆ ಕೈ ಹಾಕುವ ಮುನ್ನ

ವಿಕಿಪೀಡಿಯದಲ್ಲಿ ಒಂದು ಹಕ್ಕಿಯ ಬಗ್ಗೆಯೋ ಬೆಟ್ಟದ ಬಗ್ಗೆಯೋ ತಪ್ಪು ಸೇರಿಕೊಂಡರೆ ಓದಿದವರಿಗೆ ತಪ್ಪು ತಿಳಿವಳಿಕೆ ಆಗುತ್ತದೆ, ಅಷ್ಟೇ. ಬದುಕಿರುವ ಒಬ್ಬರ ಬಗ್ಗೆ ಸೇರಿಕೊಂಡರೆ ಅದರ ಫಲವನ್ನು ಆ ಮನುಷ್ಯ ಉಣ್ಣಬೇಕಾಗುತ್ತದೆ. 2007ರಲ್ಲಿ ಇತಿಹಾಸಕಾರ ತಾನೆರ್ ಅಕ್ಚಾಮ್ ಅವರನ್ನು ಮಾಂಟ್ರಿಯಲ್ ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ತಡೆದು ಕೂರಿಸಲಾಯಿತು. ಅವರನ್ನು ಭಯೋತ್ಪಾದಕ ಎಂದು ಯಾರೋ ತಿದ್ದಿಟ್ಟಿದ್ದ ವಿಕಿಪೀಡಿಯ ಪುಟದ ಪ್ರಿಂಟನ್ನು ಅಲ್ಲಿನ ಅಧಿಕಾರಿ ತೋರಿಸಿದರೆಂದು ಸ್ವತಃ ಅಕ್ಚಾಮ್ ಹೇಳಿದ್ದಾರೆ. ಕೀಟಲೆ ಮಾಡಿದವನಿಗೆ ಎರಡು ನಿಮಿಷದ ಕೆಲಸ. ಅನುಭವಿಸಿದವರು ಬೇರೆ.

ಇದಕ್ಕಿಂತ ಹೆಚ್ಚು ಪ್ರಸಿದ್ಧವಾದದ್ದು ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥಾಲರ್ ಪ್ರಕರಣ. ಕೆನಡಿ ಸಹೋದರರ ಹತ್ಯೆಯಲ್ಲಿ ಅವರ ಕೈವಾಡದ ಶಂಕೆ ಇತ್ತು, ಅವರು 13 ವರ್ಷ ಸೋವಿಯತ್ ಒಕ್ಕೂಟದಲ್ಲಿದ್ದರು ಎಂದೆಲ್ಲ 2005ರ ಮೇ ತಿಂಗಳಲ್ಲಿ ಯಾರೋ ಬರೆದರು. ಒಂದಕ್ಷರವೂ ನಿಜವಲ್ಲ. ಆದರೂ ಅದು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಾಗೇ ಉಳಿಯಿತು, ಬೇರೆ ಜಾಲತಾಣಗಳಿಗೂ ನಕಲಾಯಿತು. ಆ ನವೆಂಬರ್‌ನಲ್ಲಿ ಸೀಗೆಂಥಾಲರ್ ಯುಎಸ್‌ಎ ಟುಡೇ ಪತ್ರಿಕೆಯಲ್ಲಿ ಈ ಬಗ್ಗೆ ಬರೆದ ಮೇಲೆ ಇಂಗ್ಲಿಷ್ ವಿಕಿಪೀಡಿಯ ಎಚ್ಚೆತ್ತುಕೊಂಡಿತು. ಖಾತೆ ಇಲ್ಲದವರು ಹೊಸ ಪುಟ ಶುರುಮಾಡುವುದನ್ನು ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಬದುಕಿರುವವರ ಜೀವನಚರಿತ್ರೆಗೆಂದೇ ಪ್ರತ್ಯೇಕ ನೀತಿ ರೂಪುಗೊಂಡದ್ದೂ ಆ ಹೊತ್ತಿನಲ್ಲೇ.

ಆ ನೀತಿಯ ತಿರುಳು ಒಂದೇ ಮಾತಿನಲ್ಲಿದೆ: ಬದುಕಿರುವವರ ಬಗ್ಗೆ ವಿವಾದಕ್ಕೆ ಎಡೆಕೊಡುವ ಯಾವ ಮಾತಿಗೆ ಉಲ್ಲೇಖ (ಅದು ಎಲ್ಲಿಂದ ಬಂತೆಂದು ತೋರಿಸುವ ಆಧಾರ) ಇಲ್ಲವೋ, ಇದ್ದರೂ ಕಳಪೆಯಾಗಿದೆಯೋ, ಅದನ್ನು ಕೂಡಲೇ ತೆಗೆಯಬೇಕು. ಚರ್ಚೆ ಆಮೇಲೆ. ಇಲ್ಲೇ ಬಹಳ ಮಂದಿ ಎಡವುತ್ತಾರೆ. ಬೇರೆ ವಿಷಯಗಳ ಪುಟದಲ್ಲಿ ರೂಢಿಯಾಗಿರುವ ‘ಉಲ್ಲೇಖ ಬೇಕು’ ಎಂಬ ಪಟ್ಟಿಯನ್ನು ಇಲ್ಲೂ ಅಂಟಿಸಿ ಹೊರಡುತ್ತಾರೆ. ಲಂಚ ತಿಂದರು ಎಂಬ ವಾಕ್ಯದ ಪಕ್ಕ ‘ಉಲ್ಲೇಖ ಬೇಕು’ ಎಂದು ಬರೆದಿಟ್ಟರೆ ಓದುವವರ ತಲೆಯಲ್ಲಿ ಉಳಿಯುವುದು ಲಂಚ, ಪಟ್ಟಿಯಲ್ಲ. ತೆಗೆದದ್ದನ್ನು ಮತ್ತೆ ಸೇರಿಸಬೇಕೆನ್ನುವವರೇ ಆಧಾರ ತರಬೇಕು; ತೆಗೆದವರು ಅದು ಸುಳ್ಳೆಂದು ಸಾಬೀತುಮಾಡಬೇಕಿಲ್ಲ. 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ತಿದ್ದುಪಡಿ ರದ್ದುಮಾಡಬಾರದು ಎಂಬ ಕಟ್ಟುನಿಟ್ಟಿನ ನಿಯಮ ಅಲ್ಲಿದೆ. ಆ ನಿಯಮಕ್ಕೂ ಈ ವಿಷಯದಲ್ಲಿ ವಿನಾಯಿತಿ ಇದೆ ಎಂದರೆ ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ನೋಡಿ.

ಇಷ್ಟು ಹೇಳಿದ ಮೇಲೆ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಹಸಿ ಸುಳ್ಳನ್ನು ಹಿಡಿಯುವುದು ಸುಲಭ. ಅದಕ್ಕೆ ಕಾವಲಿಗರಿದ್ದಾರೆ, ತಂತ್ರಾಂಶಗಳಿವೆ. ಹೆಚ್ಚು ಹಾನಿ ಮಾಡುವುದು ಉಲ್ಲೇಖ ಇರುವ, ಬಿಡಿಬಿಡಿಯಾಗಿ ನೋಡಿದರೆ ನಿಜವೇ ಆಗಿರುವ ವಾಕ್ಯಗಳು. ಅವನ್ನು ಆಯ್ದು, ಜೋಡಿಸಿ, ಉಬ್ಬಿಸಿದ ರೀತಿಯಿಂದ ಮನುಷ್ಯನ ಚಿತ್ರವೇ ಬದಲಾಗಿರುತ್ತದೆ. ನಿಷ್ಪಕ್ಷಪಾತ ಎನ್ನುವುದು ಬರೆಯುವವರ ಮನೋಭಾವ ಎಂದು ಹಲವರು ತಿಳಿದಿದ್ದಾರೆ. ನನ್ನ ಪ್ರಕಾರ ಅದು ವಾಕ್ಯ ವಾಕ್ಯಕ್ಕೂ ಮಾಡಬೇಕಾದ ಕೆಲಸ. ಮನಸ್ಸಿನಲ್ಲಿ ದ್ವೇಷ ಇಲ್ಲದವರೂ ಏಕಪಕ್ಷೀಯ ಪುಟ ಬರೆಯಬಲ್ಲರು. ಕಡು ವಿರೋಧಿಯೂ ಕ್ರಮ ತಪ್ಪದೆ ಹೋದರೆ ಸರಿಯಾದ ಪುಟ ಬರೆಯಬಲ್ಲ.

ಕೆಲಸ ಶುರುವಾಗಬೇಕಾದದ್ದು ಉಲ್ಲೇಖಗಳಿಂದ. ವಾಕ್ಯದ ಕೊನೆಯಲ್ಲಿ ಪುಟ್ಟ ಸಂಖ್ಯೆ ಕಂಡ ಕೂಡಲೇ ನಂಬಬೇಡಿ, ಕೊಂಡಿ ತೆರೆದು ಓದಿ. ಪುಟಕ್ಕೆ 30 ಉಲ್ಲೇಖಗಳಿದ್ದರೆ ಮೂವತ್ತನ್ನೂ ಓದಬೇಕು. ಅಷ್ಟು ಸಮಯ ಇಲ್ಲದಿದ್ದರೆ ಆರೋಪ, ಹಣ, ಮದುವೆ, ಆರೋಗ್ಯ, ಜಾತಿ-ಧರ್ಮ, ಪೊಲೀಸು-ಕೋರ್ಟು ಬರುವ ವಾಕ್ಯಗಳದ್ದನ್ನಾದರೂ ಮೊದಲು ಓದಬೇಕು. ಕೆಟ್ಟಿರುವುದು ನಾಲ್ಕೈದು ಬಗೆಯಲ್ಲಿ ಕಾಣುತ್ತದೆ. ಕೊಂಡಿ ಸತ್ತಿರುತ್ತದೆ, ಆಗ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಪ್ರತಿ ಹುಡುಕಬೇಕು, ಕೊಂಡಿ ಸತ್ತಿದೆ ಎಂದಷ್ಟಕ್ಕೇ ವಾಕ್ಯ ಅಳಿಸಬಾರದು. ವರದಿಯ ತಲೆಬರಹ ಒಂದು ಹೇಳಿದರೆ ಒಳಗಿನ ಸುದ್ದಿ ಇನ್ನೊಂದು ಹೇಳುತ್ತಿರುತ್ತದೆ; ತಲೆಬರಹ ಬರೆಯುವವರು ಸಾಮಾನ್ಯವಾಗಿ ವರದಿಗಾರರಲ್ಲ, ಹಾಗಾಗಿ ಅದನ್ನು ಆಧಾರವಾಗಿ ಬಳಸಲೇಬಾರದು. ವರದಿಯಲ್ಲಿರುವವರು ಅದೇ ಹೆಸರಿನ ಬೇರೆ ಯಾರೋ ಆಗಿರುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದು: ಯಾರೋ ಮೊದಲು ಸರಿಯಾದ ವಾಕ್ಯಕ್ಕೆ ಸರಿಯಾದ ಉಲ್ಲೇಖ ಕೊಟ್ಟಿರುತ್ತಾರೆ. ಆಮೇಲೆ ಬಂದವರು ಆ ವಾಕ್ಯದ ನಡುವೆ ಇನ್ನೊಂದು ಮಾತು ತುರುಕಿ ಹೋಗಿರುತ್ತಾರೆ. ಈಗ ಹಳೆಯ ಉಲ್ಲೇಖವೇ ಹೊಸ ಮಾತನ್ನೂ ಹೊತ್ತುಕೊಂಡಂತೆ ಕಾಣುತ್ತದೆ. ಇದನ್ನು ಪತ್ತೆಮಾಡಲು, ಪ್ರತಿ ತಿದ್ದುಪಡಿಯೂ ದಾಖಲಾಗಿರುವ ಪುಟದ ಇತಿಹಾಸ ತೆರೆದು, ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸ ನೋಡುವುದೊಂದೇ ದಾರಿ.

ಮೂರು ಪತ್ರಿಕೆಗಳಲ್ಲಿ ಬಂದಿದೆ, ಹಾಗಾಗಿ ಮೂರು ಆಧಾರ ಎಂಬ ಲೆಕ್ಕವೂ ತಪ್ಪು. ಮೂರರಲ್ಲೂ ಒಂದೇ ಸುದ್ದಿಸಂಸ್ಥೆಯ ಕಾಪಿ ಇದ್ದರೆ ಅದು ಒಂದೇ ಆಧಾರ. ಮೊದಲ ಎರಡು ಪ್ಯಾರಾ ಹೋಲಿಸಿ ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ.

ಇನ್ನೊಂದು ಅಪಾಯ ವಿಕಿಯಿಂದಲೇ ಹುಟ್ಟುವಂಥದ್ದು. 2009ರ ಫೆಬ್ರುವರಿಯಲ್ಲಿ ಜರ್ಮನಿಯಲ್ಲಿ ಕಾರ್ಲ್-ಥಿಯೋಡೋರ್ ಟ್ಸು ಗುಟೆನ್‌ಬರ್ಗ್ ಮಂತ್ರಿಯಾಗುವ ಹೊತ್ತಿಗೆ, ಅವರ ಉದ್ದನೆಯ ಹೆಸರಿನ ಸಾಲಿಗೆ ‘ವಿಲ್‌ಹೆಲ್ಮ್’ ಎಂಬ ಇಲ್ಲದ ಹೆಸರನ್ನು ಒಬ್ಬರು ವಿಕಿಪೀಡಿಯದಲ್ಲಿ ಸೇರಿಸಿದರು. ಪತ್ರಿಕೆಗಳು ಪರಿಶೀಲಿಸದೆ ಅದನ್ನೇ ಅಚ್ಚುಹಾಕಿದವು. ವಿಕಿಯಲ್ಲಿ ಯಾರೋ ಅನುಮಾನಪಟ್ಟಾಗ ಅದೇ ಪತ್ರಿಕಾ ವರದಿ ಆಧಾರವಾಗಿ ಬಂದು ಕೂತಿತು. ಸುಳ್ಳು ಒಂದು ಸುತ್ತು ಹೊಡೆದು ಬಂದು ತನಗೆ ತಾನೇ ಸಾಕ್ಷಿ ಹೇಳಿತು. ಅದೇ ವರ್ಷ ಸಂಗೀತ ಸಂಯೋಜಕ ಮೋರಿಸ್ ಜಾರ್ ತೀರಿಕೊಂಡಾಗ ಐರ್ಲೆಂಡಿನ ವಿದ್ಯಾರ್ಥಿಯೊಬ್ಬ ಅವರ ಬಾಯಲ್ಲಿ ಒಂದು ಕಟ್ಟುಮಾತು ತುರುಕಿದ. ಉಲ್ಲೇಖ ಇಲ್ಲವೆಂದು ವಿಕಿಯ ಸಂಪಾದಕರು ಅದನ್ನು ತೆಗೆದುಹಾಕುತ್ತಲೇ ಇದ್ದರು. ಆದರೆ ಅಷ್ಟರೊಳಗೆ ಹೆಸರಾಂತ ಪತ್ರಿಕೆಗಳ ಶ್ರದ್ಧಾಂಜಲಿ ಬರಹಗಳಲ್ಲಿ ಅದು ಅಚ್ಚಾಗಿತ್ತು. ಹಾಗಾಗಿ ಹುಟ್ಟಿದೂರು, ಅಡ್ಡಹೆಸರು, ಸೊಗಸಾದ ಒಂದು ಹೇಳಿಕೆ ಇಂಥವುಗಳಿಗೆ ಉಲ್ಲೇಖ ಕಂಡಾಗ ತಾರೀಖು ನೋಡಬೇಕು. ಆ ಮಾಹಿತಿ ವಿಕಿ ಪುಟಕ್ಕೆ ಬಂದದ್ದು ಯಾವತ್ತು, ಪತ್ರಿಕೆಯಲ್ಲಿ ಬಂದದ್ದು ಯಾವತ್ತು? ವಿಕಿಯೇ ಮೊದಲಾಗಿದ್ದರೆ ಆ ಪತ್ರಿಕೆಯನ್ನು ಆಧಾರ ಎಂದು ಒಪ್ಪಬಾರದು. ಅದಕ್ಕಿಂತ ಹಳೆಯದೊಂದು ಸಿಗುವವರೆಗೆ ವಾಕ್ಯ ಹೊರಗಿರಲಿ.

ಈಗ ತೂಕದ ವಿಷಯ. ಇದರಲ್ಲೇ ಹೆಚ್ಚಿನ ಜಗಳ ನಡೆಯುವುದು. ನಿಷ್ಪಕ್ಷಪಾತ ಎಂದರೆ ಹೊಗಳಿಕೆ ಅರ್ಧ, ತೆಗಳಿಕೆ ಅರ್ಧ ಅಲ್ಲ. ಒಳ್ಳೆಯ ಮೂಲಗಳು ಒಟ್ಟಾರೆ ಯಾವುದಕ್ಕೆ ಎಷ್ಟು ಜಾಗ ಕೊಟ್ಟಿವೆಯೋ ಪುಟವೂ ಹೆಚ್ಚುಕಡಿಮೆ ಅಷ್ಟೇ ಕೊಡಬೇಕು. ಮೂವತ್ತು ವರ್ಷ ವಿಜ್ಞಾನಿಯಾಗಿ ದುಡಿದವರ ಪುಟದಲ್ಲಿ ಸಂಶೋಧನೆಗೆ ಒಂದು ಪ್ಯಾರಾ, ಒಂದು ವಾರ ಓಡಾಡಿದ ಟ್ವೀಟ್ ಗಲಾಟೆಗೆ ನಾಲ್ಕು ಪ್ಯಾರಾ ಇದ್ದರೆ ಆ ನಾಲ್ಕರಲ್ಲಿ ಪ್ರತಿ ಪದವೂ ನಿಜವಾಗಿದ್ದರೂ ಪುಟ ಸುಳ್ಳು. ಇದು ದುರುದ್ದೇಶದಿಂದಲೇ ಆಗುವುದಲ್ಲ. ಇವತ್ತಿನ ಗಲಾಟೆಗೆ ಆನ್‌ಲೈನ್ ಕೊಂಡಿಗಳು ಹೇರಳ. ಇಪ್ಪತ್ತು ವರ್ಷ ಹಿಂದಿನ ಕೆಲಸದ ವರದಿ ಗ್ರಂಥಾಲಯದ ಕಪಾಟಿನಲ್ಲಿದೆ. ಸುಲಭಕ್ಕೆ ಸಿಕ್ಕಿದ್ದು ಪುಟ ಸೇರುತ್ತದೆ. ಪರಿಹಾರವೂ ಅಲ್ಲೇ ಇದೆ: ಗಲಾಟೆಯ ನಾಲ್ಕು ಪ್ಯಾರಾಗಳನ್ನು ಎರಡು ವಾಕ್ಯಕ್ಕೆ ಇಳಿಸಿ, ಗ್ರಂಥಾಲಯಕ್ಕೆ ಹೋಗಿ.

‘ವಿವಾದಗಳು’ ಎಂಬ ಪ್ರತ್ಯೇಕ ವಿಭಾಗವನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಒಮ್ಮೆ ಆ ತಲೆಬರಹ ಹುಟ್ಟಿತೆಂದರೆ ಅದು ಕಸದ ತೊಟ್ಟಿಯಾಗುತ್ತದೆ. ದಾರಿಯಲ್ಲಿ ಹೋಗುವವರೆಲ್ಲ ಏನಾದರೊಂದು ಹಾಕಿ ಹೋಗುತ್ತಾರೆ. ಒಂದು ತೀರ್ಮಾನ ಟೀಕೆಗೆ ಗುರಿಯಾಗಿದ್ದರೆ ಆ ತೀರ್ಮಾನದ ಬಗ್ಗೆ ಹೇಳುವ ಜಾಗದಲ್ಲೇ ಟೀಕೆಯೂ, ಅದಕ್ಕೆ ಅವರು ಕೊಟ್ಟ ಉತ್ತರವೂ ಬರಲಿ. ಓದುಗರಿಗೆ ಕಾರಣ, ಪರಿಣಾಮ ಎರಡೂ ಒಟ್ಟಿಗೆ ಸಿಗುತ್ತವೆ.

ಎರಡು ನಿಜಗಳನ್ನು ಅಕ್ಕಪಕ್ಕ ಕೂರಿಸಿ ಮೂರನೆಯ ಅರ್ಥ ಹುಟ್ಟಿಸುವುದು ಇನ್ನೂ ನಾಜೂಕಾದ ತಪ್ಪು. ‘ಇವರು ಮಂತ್ರಿಯಾದರು. ಅದೇ ವರ್ಷ ಇವರ ತಮ್ಮನ ಕಂಪನಿಗೆ ಸರ್ಕಾರಿ ಗುತ್ತಿಗೆ ಸಿಕ್ಕಿತು.’ ಎರಡಕ್ಕೂ ಬೇರೆ ಬೇರೆ ಉಲ್ಲೇಖ ಇರಬಹುದು. ಆದರೆ ಎರಡನ್ನೂ ತಳುಕುಹಾಕಿ ಯಾವ ಮೂಲವೂ ಬರೆದಿಲ್ಲವಾದರೆ ಆ ತಳುಕು ಸಂಪಾದಕನ ಸ್ವಂತ ಸಂಶೋಧನೆ. ವಿಕಿಯಲ್ಲಿ ಅದಕ್ಕೆ ಜಾಗವಿಲ್ಲ. ಪತ್ರಕರ್ತರು ತನಿಖೆ ಮಾಡಿ ಬರೆದರೆ, ಅವರ ಹೆಸರಿಟ್ಟೇ ಸೇರಿಸಬಹುದು.

ಕನ್ನಡದಲ್ಲಿ ಬರೆಯುವಾಗ ನಮ್ಮ ಭಾಷೆಯ ಕೆಲವು ಅಭ್ಯಾಸಗಳೇ ಪಕ್ಷಪಾತವನ್ನು ಒಳಗೆ ತರುತ್ತವೆ. ‘ಎನ್ನಲಾಗಿದೆ’, ‘ಎಂಬ ಮಾತಿದೆ’, ‘ಎಂದು ಹೇಳಲಾಗುತ್ತದೆ’ ಇವು ಅಂಥವು. ಯಾರು ಅಂದದ್ದು, ಎಲ್ಲಿ, ಯಾವಾಗ ಎಂದು ಬರೆಯಲು ಆಗದಿದ್ದರೆ ಆ ವಾಕ್ಯವೇ ಬೇಡ. ವರದಿಯಲ್ಲಿ ‘ಹೇಳಿದರು’ ಎಂದಿರುವುದನ್ನು ‘ಒಪ್ಪಿಕೊಂಡರು’ ಎಂದು ಬದಲಿಸಿದರೆ ತಪ್ಪು ಹೊರಿಸಿದಂತಾಯಿತು. ‘ಸ್ಪಷ್ಟಪಡಿಸಿದರು’ ಎಂದರೆ ಅವರ ಮಾತಿಗೆ ನಾವೇ ಮುದ್ರೆ ಒತ್ತಿದಂತಾಯಿತು. ‘ಹೇಳಿದರು’ ಎಂಬುದೇ ಇರಲಿ, ಹತ್ತು ಸಲ ಬಂದರೂ ಇರಲಿ. ಎರಡು ವಾಕ್ಯಗಳ ನಡುವಿನ ‘ಆದರೂ’ ಕೂಡ ತೀರ್ಪು ಕೊಡುತ್ತದೆ: ‘ಅವರು ಆರೋಪ ನಿರಾಕರಿಸಿದರು. ಆದರೂ ರಾಜೀನಾಮೆ ಕೊಟ್ಟರು.’ ಆ ಪದ ತೆಗೆದು ತಾರೀಖು ಹಾಕಿ, ಸಾಕು. ಇನ್ನು ಏಕವಚನ-ಬಹುವಚನ. ಬಂಧನವಾದ ದಿನದಿಂದ ‘ಅವರು’ ‘ಅವನು’ ಆಗಿಬಿಡುವ ಪತ್ರಿಕಾ ರೂಢಿ ವಿಕಿ ಪುಟಕ್ಕೆ ಬರಕೂಡದು. ಮೊದಲ ವಾಕ್ಯದಿಂದ ಕೊನೆಯವರೆಗೆ ಒಂದೇ ಗೌರವ, ಎಲ್ಲರಿಗೂ.

ಕೋರ್ಟು ವ್ಯವಹಾರದಲ್ಲಂತೂ ಪ್ರತಿ ಹಂತಕ್ಕೂ ಬೇರೆ ಅರ್ಥವಿದೆ. ದೂರು ದಾಖಲಾಗುವುದು, ಬಂಧನ, ದೋಷಾರೋಪ ಪಟ್ಟಿ, ವಿಚಾರಣೆ, ತೀರ್ಪು, ಮೇಲ್ಮನವಿ: ವರದಿ ಯಾವ ಹಂತದ್ದೋ ಪುಟವೂ ಅದೇ ಹಂತದಲ್ಲಿ ನಿಲ್ಲಬೇಕು. ತೀರ್ಪು ಬರುವವರೆಗೆ ಆರೋಪಿ ಮಾತ್ರ. ಅಷ್ಟು ಹೆಸರುವಾಸಿ ಅಲ್ಲದವರ ವಿಷಯದಲ್ಲಿ ಶಿಕ್ಷೆ ಆಗುವವರೆಗೆ ಆರೋಪವನ್ನೇ ಸೇರಿಸದಿರುವ ಬಗ್ಗೆ ಗಂಭೀರವಾಗಿ ಯೋಚಿಸಬೇಕೆಂದು ಇಂಗ್ಲಿಷ್ ವಿಕಿಯ ನೀತಿ ಹೇಳುತ್ತದೆ. ದೊಡ್ಡ ಸಾರ್ವಜನಿಕ ವ್ಯಕ್ತಿಯಾದರೆ, ಹಲವು ವಿಶ್ವಾಸಾರ್ಹ ಮೂಲಗಳು ಬರೆದಿದ್ದರೆ, ಅವರಿಗೆ ಇಷ್ಟವಿಲ್ಲದಿದ್ದರೂ ಅದು ಪುಟದಲ್ಲಿರಬೇಕು. ಅವರು ನಿರಾಕರಿಸಿದ್ದರೆ ನಿರಾಕರಣೆಯೂ ಇರಬೇಕು. ಒಬ್ಬನೇ ಒಬ್ಬ ವರದಿಗಾರ ಬರೆದದ್ದಾದರೆ ಬಿಟ್ಟುಬಿಡಿ. ಇಲ್ಲಿ ಪದೇ ಪದೇ ಆಗುವ ಅನ್ಯಾಯ ಎಂದರೆ ಬಂಧನ ಮುಖಪುಟದ ಸುದ್ದಿಯಾಗುತ್ತದೆ, ಖುಲಾಸೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಬಂಧನ ಬರೆದು ಹೋದವರು ಖುಲಾಸೆ ಬರೆಯಲು ವಾಪಸು ಬರುವುದಿಲ್ಲ. ಖುಲಾಸೆಯಾದ ಮೇಲೆ ಕೊನೆಗೊಂದು ವಾಕ್ಯ ಸೇರಿಸಿದರೂ ಸಾಲದು. ಮೇಲಿನ ಐದು ಪ್ಯಾರಾಗಳನ್ನೂ ಇಳಿಸಿ, ಖುಲಾಸೆಯನ್ನು ಮೊದಲ ವಾಕ್ಯದಲ್ಲೇ ಹೇಳಬೇಕು.

ಬೈಗುಳದ ಬಗ್ಗೆ ಇಷ್ಟು ಮಾತಾಡುವವರು ಹೊಗಳಿಕೆಯನ್ನು ಸುಮ್ಮನೆ ಬಿಡುತ್ತಾರೆ. ಅದೂ ಅಷ್ಟೇ ಕೆಡುಕು. ‘ಅಪ್ರತಿಮ’, ‘ಧೀಮಂತ’, ‘ಮೇರು ಪ್ರತಿಭೆ’, ‘ಜನಮನ ಗೆದ್ದ’ ಎಂಬ ವಿಶೇಷಣಗಳನ್ನು ಅಳಿಸಿ ನೋಡಿ. ಅಭಿಮಾನಿಗಳು ಬರೆದ ಎಷ್ಟೋ ಪುಟಗಳಲ್ಲಿ ಆಮೇಲೆ ಉಳಿಯುವುದು ಹುಟ್ಟಿದ ದಿನಾಂಕ ಮಾತ್ರ. ಪ್ರಶಸ್ತಿಗಳ ಪಟ್ಟಿಯಲ್ಲಿ ಗೆದ್ದದ್ದು, ನಾಮನಿರ್ದೇಶನ ಆದದ್ದು, ದುಡ್ಡು ಕಟ್ಟಿದರೆ ಕೊಡುವಂಥದ್ದು ಎಲ್ಲ ಕಲಸಿಹೋಗಿರುತ್ತವೆ. ‘ನೊಬೆಲ್‌ಗೆ ನಾಮನಿರ್ದೇಶಿತರು’ ಎಂಬ ಸಾಲು ಕಂಡರೆ ತಡಮಾಡದೆ ಪ್ರಶ್ನಿಸಿ. ನೊಬೆಲ್ ಸಮಿತಿಗಳು ನಾಮನಿರ್ದೇಶನದ ದಾಖಲೆಗಳನ್ನು 50 ವರ್ಷ ಗುಟ್ಟಾಗಿಡುತ್ತವೆ. ಶಾಂತಿ ಪ್ರಶಸ್ತಿಗಂತೂ ಯಾವುದೇ ದೇಶದ ಸಂಸದರು, ಹಲವು ವಿಷಯಗಳ ಪ್ರಾಧ್ಯಾಪಕರು ಹೆಸರು ಕಳಿಸಬಹುದು. ಹೆಸರು ಹೋಗಿದ್ದೇ ದೊಡ್ಡ ಮಾತಲ್ಲ, ಹೋಗಿದೆ ಎಂಬುದನ್ನು ಸಮಿತಿಯಿಂದ ಖಚಿತಪಡಿಸಿಕೊಳ್ಳಲೂ ಆಗದು.

ಹುಟ್ಟಿದ ವರ್ಷದ ಲೆಕ್ಕದಲ್ಲೂ ಜನ ಅವಸರ ಮಾಡುತ್ತಾರೆ. 2010ರ ಮಾರ್ಚ್ 10ರ ವರದಿ ಒಬ್ಬರಿಗೆ 45 ವರ್ಷ ಎಂದರೆ ಅವರು 1965ರಲ್ಲಿ ಹುಟ್ಟಿದರೆಂದು ಬರೆದುಬಿಡುತ್ತಾರೆ. 1964ರ ಮಾರ್ಚ್ 11ರಿಂದ 1965ರ ಮಾರ್ಚ್ 10ರ ನಡುವೆ ಯಾವತ್ತಾದರೂ ಆಗಿರಬಹುದು. ಹಾಗಾಗಿ ‘1964 ಅಥವಾ 1965’ ಎಂದೇ ಬರೆಯಬೇಕು. ಪೂರ್ತಿ ಜನ್ಮದಿನಾಂಕ ವ್ಯಾಪಕವಾಗಿ ಪ್ರಕಟವಾಗಿರದಿದ್ದರೆ, ಅಥವಾ ಅವರೇ ಬೇಡವೆಂದರೆ, ವರ್ಷ ಮಾತ್ರ ಸಾಕು. ಮನೆ ವಿಳಾಸ, ಫೋನ್ ನಂಬರ್, ಸಾರ್ವಜನಿಕ ಬದುಕಿನಲ್ಲಿಲ್ಲದ ಮಕ್ಕಳ ಹೆಸರು ಎಲ್ಲಿ ಪ್ರಕಟವಾಗಿದ್ದರೂ ಸೇರಿಸಬಾರದು. ಯಾರಾದರೂ ಸೇರಿಸಿದ್ದರೆ ಅಳಿಸಿದಷ್ಟಕ್ಕೆ ಮುಗಿಯಲಿಲ್ಲ, ಪುಟದ ಇತಿಹಾಸದಲ್ಲಿ ಅದು ಉಳಿದಿರುತ್ತದೆ. ಆ ಆವೃತ್ತಿಯನ್ನೇ ಮರೆಮಾಡುವ ಅಧಿಕಾರ ಕೆಲವರಿಗೆ ಇರುತ್ತದೆ. ಅವರಿಗೆ ಖಾಸಗಿಯಾಗಿ ಮೇಲ್ ಮಾಡಿ. ಪುಟದ ಜೊತೆಗೇ ಇರುವ, ಎಲ್ಲರಿಗೂ ಕಾಣುವ ಚರ್ಚೆಪುಟದಲ್ಲಿ ಕೂಗಿ ಹೇಳಿದರೆ ನೋಡದವರೂ ಹೋಗಿ ನೋಡುತ್ತಾರೆ.

ಸಾವಿನ ಸುದ್ದಿಗೆ ಯಾವ ಅವಸರವೂ ಬೇಡ. 2009ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರ ಪದಗ್ರಹಣದ ಭೋಜನಕೂಟದಲ್ಲಿ ಸೆನೆಟರ್ ಟೆಡ್ ಕೆನಡಿ ಅಸ್ವಸ್ಥರಾದ ಕೂಡಲೇ ವಿಕಿಪೀಡಿಯ ಅವರನ್ನೂ, ಜೊತೆಗಿದ್ದ ರಾಬರ್ಟ್ ಬರ್ಡ್ ಅವರನ್ನೂ ಸಾಯಿಸಿಬಿಟ್ಟಿತು. ಇಬ್ಬರೂ ಬದುಕಿದ್ದರು. ಕುಟುಂಬವೋ ಆಸ್ಪತ್ರೆಯೋ ಹೇಳಿದ್ದನ್ನು ಹೆಸರಿಟ್ಟು ವರದಿ ಮಾಡುವವರೆಗೆ ಕಾಯಿರಿ.

ಪುಟ ಯಾರ ಬಗ್ಗೆ ಇದೆಯೋ ಅವರ ಮಾತಿಗೆ ಎಷ್ಟು ಬೆಲೆ? 2012ರಲ್ಲಿ ಕಾದಂಬರಿಕಾರ ಫಿಲಿಪ್ ರಾತ್ ತಮ್ಮ ಒಂದು ಕಾದಂಬರಿಗೆ ಪ್ರೇರಣೆ ಯಾರೆಂಬ ವಿಷಯದಲ್ಲಿ ವಿಕಿ ಪುಟ ತಪ್ಪು ಹೇಳುತ್ತಿದೆ ಎಂದರು. ಲೇಖಕರ ಮಾತೊಂದೇ ಸಾಲದು, ಬೇರೆ ಮೂಲ ಬೇಕು ಎಂಬ ಉತ್ತರ ಬಂತು. ಅವರು ದಿ ನ್ಯೂಯಾರ್ಕರ್‌ನಲ್ಲಿ ಬಹಿರಂಗ ಪತ್ರ ಬರೆದರು. ಈ ಪ್ರಕರಣದಲ್ಲಿ ನಾನು ಪೂರ್ತಿ ಯಾರ ಪಕ್ಷವೂ ಅಲ್ಲ. ವಿಮರ್ಶಕರು ಪ್ರಕಟಿಸಿದ್ದ ಊಹೆಯನ್ನು ಲೇಖಕರು ಒಲ್ಲೆ ಎಂದ ಮಾತ್ರಕ್ಕೆ ಅಳಿಸುವುದು ಸರಿಯಲ್ಲ. ಹಾಗೆಯೇ ಬರೆದ ಮನುಷ್ಯನ ವಿವರಣೆಯನ್ನು ಪಕ್ಕದಲ್ಲಿಡದಿರುವುದೂ ಸರಿಯಲ್ಲ. ಹುಟ್ಟಿದ್ದು, ಓದಿದ್ದು, ತಾನೇಕೆ ಹಾಗೆ ಮಾಡಿದೆ ಎಂಬುದಕ್ಕೆ ಅವರದೇ ಬರಹ, ಸಂದರ್ಶನ, ಜಾಲತಾಣ ನಡೆಯುತ್ತದೆ. ಸ್ವಪ್ರಶಂಸೆಗೂ ಬೇರೆಯವರ ಮೇಲಿನ ದೂರಿಗೂ ನಡೆಯುವುದಿಲ್ಲ.

ನಿಮ್ಮ ಬಗ್ಗೆಯೋ ನಿಮ್ಮ ಮನೆಯವರ ಬಗ್ಗೆಯೋ ಪುಟವಿದ್ದು ಅದರಲ್ಲಿ ತಪ್ಪಿದ್ದರೆ ನೇರವಾಗಿ ತಿದ್ದಲು ಹೋಗಬೇಡಿ. ಹಸಿ ಸುಳ್ಳು, ಕಿಡಿಗೇಡಿತನ ಇದ್ದರೆ ತೆಗೆಯಬಹುದು. ಉಳಿದದ್ದಕ್ಕೆ ಚರ್ಚೆಪುಟದಲ್ಲಿ ಬರೆಯಿರಿ: ನಿಮಗೂ ಆ ವ್ಯಕ್ತಿಗೂ ಏನು ಸಂಬಂಧ, ತಪ್ಪಿರುವ ವಾಕ್ಯ ಯಾವುದು, ಅದರ ಬದಲು ಏನಿರಬೇಕು, ಆಧಾರ ಎಲ್ಲಿದೆ. ಇಡೀ ಪುಟ ಬದಲಿಸಿ ಎಂದರೆ ಯಾರೂ ಮುಟ್ಟುವುದಿಲ್ಲ. ಒಂದು ಸಲಕ್ಕೆ ಒಂದು ವಾಕ್ಯ ಕೊಟ್ಟರೆ ಕೆಲಸ ಆಗುತ್ತದೆ. ತಪ್ಪು ಪತ್ರಿಕೆಯದ್ದೇ ಆಗಿದ್ದರೆ ಮೊದಲು ಪತ್ರಿಕೆಯಿಂದ ತಿದ್ದುಪಡಿ ಹಾಕಿಸಿ, ವಿಕಿಯಲ್ಲಿ ಅದನ್ನೇ ಉಲ್ಲೇಖಿಸಬಹುದು. ಫೋಟೊ ಕೊಡುವುದಾದರೆ ಹಕ್ಕು ಸಾಮಾನ್ಯವಾಗಿ ತೆಗೆದವರದ್ದು, ಫೋಟೊದಲ್ಲಿರುವವರದ್ದಲ್ಲ. ಛಾಯಾಗ್ರಾಹಕರೇ ಮುಕ್ತ ಪರವಾನಗಿಯಲ್ಲಿ, ಅಂದರೆ ಯಾರು ಬೇಕಾದರೂ ಬಳಸಬಹುದೆಂದು ಒಪ್ಪಿ, ಕೊಡಬೇಕು. ದುಡ್ಡು ಕೊಟ್ಟರೆ ಪುಟ ಮಾಡಿಸಿಕೊಡುತ್ತೇವೆ, ಉಳಿಸಿಕೊಡುತ್ತೇವೆ ಎನ್ನುವವರನ್ನು ಹತ್ತಿರ ಸೇರಿಸಬೇಡಿ. 2015ರಲ್ಲಿ ಇಂಥದ್ದೇ ಸುಲಿಗೆಯ ಜಾಲವೊಂದರ 381 ಖಾತೆಗಳನ್ನು ಇಂಗ್ಲಿಷ್ ವಿಕಿಪೀಡಿಯ ನಿರ್ಬಂಧಿಸಿತು. ಸಂಭಾವನೆ ಪಡೆದು ಪುಟ ತಿದ್ದುವವರು ಅದನ್ನು ಯಾರಿಂದ ಪಡೆದರು ಎಂಬುದನ್ನು ಬಹಿರಂಗಪಡಿಸಲೇಬೇಕು ಎಂಬ ಷರತ್ತು 2014ರಿಂದ ಜಾರಿಯಲ್ಲಿದೆ.

ಕನ್ನಡದಂಥ ಚಿಕ್ಕ ಸಮುದಾಯದ ವಿಕಿಗಳಲ್ಲಿ ಇದೆಲ್ಲ ಇನ್ನೂ ಕಷ್ಟ. ಕಣ್ಣಿಡುವವರು ಕಡಿಮೆ, ಕಿಡಿಗೇಡಿ ವಾಕ್ಯ ತಿಂಗಳುಗಟ್ಟಲೆ ಉಳಿಯುತ್ತದೆ. ಇಂಗ್ಲಿಷ್ ಪುಟವನ್ನು ಅನುವಾದಿಸಿ ಹಾಕಿದವರು ಆಮೇಲೆ ಅಲ್ಲಿ ತಪ್ಪು ಸರಿಹೋದದ್ದನ್ನು ಗಮನಿಸುವುದಿಲ್ಲ; ಕನ್ನಡದಲ್ಲಿ ಹಳೆಯ ತಪ್ಪು ಹಾಗೇ ನಿಂತಿರುತ್ತದೆ. ಆದ್ದರಿಂದ ಇಂಗ್ಲಿಷ್‌ನಲ್ಲಿ ಏನಾದರೂ ತಿದ್ದಿದಿರೋ, ಪಕ್ಕದ ಭಾಷೆಗಳ ಪಟ್ಟಿಯಿಂದ ಕನ್ನಡ ಪುಟ ತೆರೆದು ಅಲ್ಲೂ ನೋಡಿ. ಎಲ್ಲ ಭಾಷೆಗಳ ವಿಕಿಗಳಿಗೂ ಸಾಮಾನ್ಯವಾದ ಮಾಹಿತಿ ಭಂಡಾರ ವಿಕಿಡೇಟಾದಲ್ಲಿ ಆ ವ್ಯಕ್ತಿಯ ದಾಖಲೆ ತೆರೆದು ಜನ್ಮದಿನಾಂಕ, ಹುಟ್ಟೂರು, ಪೌರತ್ವ ನೋಡಿ. ಹಲವು ಭಾಷೆಗಳ ಮಾಹಿತಿಚೌಕಗಳು (ಪುಟದ ಬದಿಯಲ್ಲಿ ಮುಖ್ಯ ವಿವರ ಕೊಡುವ ಚೌಕ) ಅಲ್ಲಿಂದಲೇ ಅಂಕಿಅಂಶ ಎಳೆದುಕೊಳ್ಳುತ್ತವೆ, ಸರ್ಚ್ ಎಂಜಿನ್‌ಗಳೂ ಅದನ್ನು ಬಳಸುತ್ತವೆ. ಸಂಪಾದನೆಯ ಸಾರಾಂಶದಲ್ಲಿ ‘ಸರಿಪಡಿಸಿದೆ’ ಎಂದಷ್ಟೇ ಬರೆಯದೆ, ಏನನ್ನು ಯಾವ ಆಧಾರದ ಮೇಲೆ ಎಂದು ಬರೆಯಿರಿ. ಪುಟ ಬದಲಾದಾಗ ನಿಮಗೆ ತೋರಿಸುವ ವೀಕ್ಷಣಾಪಟ್ಟಿಗೆ ಅದನ್ನು ಸೇರಿಸಿಕೊಳ್ಳಿ. ತೆಗೆದುಹಾಕಿದ ಸುಳ್ಳು ಬೇರೊಂದು ಖಾತೆಯ ಹೆಸರಿನಲ್ಲಿ ಮತ್ತೆ ಬರುವುದುಂಟು. ಬಂದರೆ ಮತ್ತೆ ತೆಗೆದು, ಈ ಸಲ ಪುಟಕ್ಕೆ ಸ್ವಲ್ಪ ಕಾಲ ರಕ್ಷಣೆ ಕೊಡಿ, ಎಲ್ಲರೂ ತಿದ್ದದಂತೆ ಮಾಡಿ ಎಂದು ನಿರ್ವಾಹಕರನ್ನು ಕೇಳಿ.